ಹೂಂ ಅನ್ನಲು ಕಲಿಸಿದ ಊರು

“ಏ, ಸುಮ್ನಿರಿ” ಎಂದಳು ಸರೋಜ. ನಾನು ಸುಮ್ಮನಾದೆ.

ಯಶವಂತಪುರದ ರೇಡಿಯೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ನನಗೆ ಅದು ಮೊದಲ ವಾರ. ಊಟದ ಹೊತ್ತಿನಲ್ಲಿ ಪಕ್ಕದ ಕುರ್ಚಿಯ ಸರೋಜಳಿಗೆ ನಾವು ಬೆಂಗಳೂರಿಗೆ ಬಂದ ಕತೆ ಹೇಳುತ್ತಿದ್ದೆ. ಯಲಹಂಕದಲ್ಲಿ ರೈಲು ಇಳಿದಾಗ ನಾವು ಇರಬೇಕಿದ್ದ ಅಟ್ಟೂರಿನ ಕಡೆಗೆ ಬಸ್ಸಿರಲಿಲ್ಲ. ನಮ್ಮ ಮನೆಯವರು ಹಾಸಿಗೆಯ ಸುರುಳಿ ಹೊತ್ತರು, ನಾನು ಕಬ್ಬಿಣದ ಟ್ರಂಕು ಹೊತ್ತೆ. ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ನಡೆದೇ ಬಂದೆವು. ಕತೆ ಇಲ್ಲಿಗೆ ಬಂದಿತ್ತು, ಅಷ್ಟರಲ್ಲಿ ಅವಳು ಹಾಗೆಂದಳು. ಡಬ್ಬಿಯಲ್ಲಿದ್ದ ರೊಟ್ಟಿಯನ್ನು ತಲೆ ತಗ್ಗಿಸಿ ತಿಂದು ಮುಗಿಸಿದೆ. ಸರೋಜ ನನ್ನ ಮುಖವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕಾದಳು, ಆಮೇಲೆ ಕೈ ತೊಳೆಯಲು ಎದ್ದಳು.

ರೋಣದ ಕಡೆಯ ನಮಗೆ ‘ಸುಮ್ಮನಿರು’ ಎಂದರೆ ಬೈಗುಳದ ಲೆಕ್ಕ. ಸರೋಜ ಯಶವಂತಪುರದಲ್ಲೇ ಹುಟ್ಟಿ ಬೆಳೆದವಳು. ಅವಳ ಬಾಯಲ್ಲಿ ಅದು ‘ನಿಜವಾ? ಆಮೇಲೇನಾಯ್ತು, ಹೇಳಿ’ ಎಂಬ ಮಾತು. ಇದು ಆಗ ನನಗೆ ಗೊತ್ತಿರಲಿಲ್ಲ. ಒಬ್ಬಳು ‘ಹೋಗ್ರೀ’ ಎಂದರೆ ನನ್ನನ್ನು ಅಟ್ಟುತ್ತಿದ್ದಾಳೆಂದು ತಿಳಿಯುತ್ತಿದ್ದೆ. ಇನ್ನೊಬ್ಬಳು ‘ಬಿಡಿ’ ಎಂದರೆ ಏನು ಬಿಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಸಾಮಾನನ್ನೇ ಕೆಳಗಿಟ್ಟದ್ದೂ ಉಂಟು. ಆಡುವುದು ಕನ್ನಡವೇ, ಕೇಳುವುದೂ ಕನ್ನಡವೇ. ಆದರೂ ಪರದೇಶಕ್ಕೆ ಬಂದಂತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳು ಅವು. ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ಕೆಲಸ. ಅಟ್ಟೂರು ಆಗಿನ್ನೂ ಹಳ್ಳಿ. ಅಲ್ಲಿ ಮುನಿಯಮ್ಮ ಎಂಬ ಹಿರಿಯ ಹೆಂಗಸು ದನದ ಕೊಟ್ಟಿಗೆಗೆ ಅಂಟಿದ ಒಂದು ಕೋಣೆಯನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದಳು. ಒಳ್ಳೆ ಜೋಳ ಸಿಗದೆ ರೊಟ್ಟಿಗಳು ಅಂಚಿನಲ್ಲಿ ಹರಿಯುತ್ತಿದ್ದವು. ಮುನಿಯಮ್ಮ ಕೊಟ್ಟ ರಾಗಿ ಮುದ್ದೆಯನ್ನು ನಾನು ಅಗಿಯತೊಡಗಿದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ನುಂಗುವುದನ್ನು ಒಂದೆರಡು ತಿಂಗಳಲ್ಲಿ ಕಲಿತೆ. ಆದರೆ ಜನರ ನಡುವೆ ಕೂತು ಮಾತು ಕೇಳುವುದನ್ನೂ ಹೊಸದಾಗಿ ಕಲಿಯಬೇಕಾದೀತೆಂದು ಎಣಿಸಿರಲಿಲ್ಲ.

ನಮ್ಮ ತವರಿನಲ್ಲಿ ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಅದರಲ್ಲೂ ದುಃಖದ ಮಾತಾದರೆ ಮುಗಿಯುವ ತನಕ ನೆಲ ನೋಡುತ್ತಾ ಕೂತು, ಕೊನೆಗೆ ‘ಹೌದ್ರಿ’ ಎಂದು ಉಸಿರು ಬಿಡುವುದೇ ಮರ್ಯಾದೆ. ಬೆಂಗಳೂರಿನಲ್ಲೂ ನಾನು ಇದನ್ನೇ ಮಾಡಿದೆ. ಒಂದು ದಿನ ಸರೋಜ ತನ್ನ ತಾಯಿಯ ಕಣ್ಣು ಹೋಗುತ್ತಿರುವ ಸಂಗತಿ ಹೇಳತೊಡಗಿದಳು. ಹೂ ಕಟ್ಟಿ ಮಾರಿ ಮಕ್ಕಳನ್ನು ಸಾಕಿದ ಆ ತಾಯಿ ಈಗ ದಾರ ಸಿಗದೆ ಬರಿಗೈಯಲ್ಲಿ ತಡಕಾಡುತ್ತಾಳಂತೆ. ನನಗೆ ನನ್ನ ಅವ್ವ ನೆನಪಾದಳು. ಆದರೂ ಒಂದು ಮಾತೂ ಆಡದೆ ಮೇಜು ನೋಡುತ್ತಾ ಕೂತಿದ್ದೆ. ಸರೋಜ ನಡುವೆಯೇ ನಿಲ್ಲಿಸಿದಳು.

“ನಿಮ್ಮತ್ರ ಹೇಳೋದೂ ಒಂದೇ, ಗೋಡೆ ಹತ್ರ ಹೇಳೋದೂ ಒಂದೇ ಕಣ್ರೀ” ಎಂದು ತನ್ನ ಕುರ್ಚಿಯನ್ನು ಅತ್ತ ಸರಿಸಿಕೊಂಡಳು.

ಆ ಸಂಜೆ ಅಂಗಳದಲ್ಲಿ ಮುನಿಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಮೊರದ ಮುಂದೆ ಕೂತೆ. ಹೇಳಬಾರದೆಂದುಕೊಂಡರೂ ಎಲ್ಲವನ್ನೂ ಹೇಳಿಬಿಟ್ಟೆ. ನಾನು ಹೇಳುವಾಗ ಅವಳ ಕೈ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. “ಊಂ… ಅಂಗಾ… ಅಯ್ಯೋ ಕೂಸೇ… ಆಮ್ಯಾಕೆ?” ಎನ್ನುತ್ತಲೇ ಇದ್ದಳು. ಪ್ರತಿ ಸಲ ಅವಳು ಊಂ ಎಂದಾಗಲೂ ನನ್ನೊಳಗಿಂದ ಇನ್ನೊಂದು ಮಾತು ತಾನಾಗಿ ಹೊರಗೆ ಬರುತ್ತಿತ್ತು. ತವರಿನ ನೆನಪು, ಕೋಣೆಯ ಒಂಟಿತನ, ಯಾರಿಗೂ ತಿಳಿಸದ ಒಂದು ಗರ್ಭಪಾತ, ಎಲ್ಲವೂ ಬಂದವು.

ನಾನು ಅತ್ತು ಮುಗಿಸಿದ ಮೇಲೆ ಅವಳು ಹೇಳಿದಳು. “ನೋಡವ್ವ, ನಾನು ಊಂ ಅನ್ನದೆ ಇದ್ದಿದ್ರೆ ನೀನು ಇಷ್ಟು ಏಳ್ತಿದ್ಯಾ? ಕತ್ತಲಲ್ಲಿ ಬಾವಿಗೆ ಕಲ್ಲು ಆಕ್ದಂಗೆ ಅದು. ನೀರಿನ ಸದ್ದು ಕೇಳಿಸ್ಬೇಕು ತಾಯಿ. ಇಲ್ದಿದ್ರೆ ಆಕ್ದೋರ್ಗೆ ದಿಗಿಲಾಯ್ತದೆ.”

ಅಂದಿನಿಂದ ನಾನು ಬಸ್ಸಿನಲ್ಲಿ, ನಲ್ಲಿಯ ಹತ್ತಿರ, ಕಾರ್ಖಾನೆಯಲ್ಲಿ ಜನರ ಮಾತಿಗಿಂತ ಹೆಚ್ಚಾಗಿ ಕೇಳುವವರ ಸದ್ದುಗಳನ್ನು ಗಮನಿಸತೊಡಗಿದೆ. ‘ಹೌದಾ’ ಎಂಬುದನ್ನು ಎಳೆದರೆ ಅಚ್ಚರಿ, ತಟ್ಟನೆ ಅಂದರೆ ಅನುಮಾನ. ‘ಛೆ’ ಎಂದರೆ ನಿನ್ನ ನೋವು ನನಗೂ ತಟ್ಟಿತು. ‘ಹೋಗ್ಲಿ ಬಿಡು ಗುರು’ ಎಂದರೆ ಹೆಗಲ ಮೇಲೆ ಕೈಯಿಟ್ಟ ಹಾಗೆ. ‘ಅಲ್ವಾ ಮತ್ತೆ’ ಎಂದರೆ ನಾನು ನಿನ್ನ ಪಕ್ಷ. ಹುಡುಗರು ಪರಸ್ಪರ ‘ಮಗಾ’, ‘ಮಚ್ಚಾ’ ಎನ್ನುವುದರಲ್ಲೂ ಬಹಳ ಸಲ ಇದೇ ಇರುತ್ತಿತ್ತು. ಮನೆಯಲ್ಲಿ ಒಬ್ಬಳೇ ಇದ್ದಾಗ ಒಲೆಯ ಮುಂದೆ ‘ಅಯ್ಯೋ, ಹೌದಾ’ ಎಂದು ಅಭ್ಯಾಸ ಮಾಡಿದೆ. ಮೊದಮೊದಲು ನಾಟಕದ ಮಾತಿನಂತೆ ಕೇಳಿಸುತ್ತಿತ್ತು.

ಕೊನೆಗೊಂದು ದಿನ ಸರೋಜಳ ಪಕ್ಕಕ್ಕೆ ನಾನೇ ಕುರ್ಚಿ ಎಳೆದುಕೊಂಡೆ. “ನಿಮ್ಮವ್ವಾರ ಕಣ್ಣಿಂದು ಆವತ್ತ ಅರ್ಧಕ್ಕ ನಿಂತಿತ್ತಲ್ರೀ, ಮುಂದ ಏನಾತು?” ಎಂದೆ.

ಅವಳು ಅನುಮಾನದಿಂದಲೇ ಶುರು ಮಾಡಿದಳು. ಡಾಕ್ಟರು ಆಪರೇಷನ್ ಅಂದಿದ್ದಾರೆ ಎಂದಳು. “ಹೌದಾ” ಎಂದೆ. ಅಮ್ಮ ಹೆದರಿ ಒಪ್ಪುತ್ತಿಲ್ಲ ಎಂದಳು. “ಅಯ್ಯೋ, ಪಾಪ” ಎಂದೆ. ಸರೋಜ ತನ್ನ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಗಂಟೆ ಹೊಡೆಯುವ ತನಕ ಅವಳ ಮಾತು ನಿಲ್ಲಲಿಲ್ಲ. ಆ ವಾರವೇ ಅವಳು ನನ್ನನ್ನು ‘ರೀ’ ಬಿಟ್ಟು ‘ಕಣೇ’ ಎಂದು ಮಾತಾಡಿಸತೊಡಗಿದಳು. ಅವಳ ತಾಯಿ ಆಪರೇಷನ್ನಿಗೆ ಒಪ್ಪಿದಾಗ ಆಸ್ಪತ್ರೆಯಲ್ಲಿ ಜೊತೆಗೆ ಕೂರಲು ಕರೆದದ್ದು ನನ್ನನ್ನೇ.

ಮೂರ್ನಾಲ್ಕು ವರ್ಷಗಳ ಮೇಲೆ ಕಾರ್ಖಾನೆಯವರು ಯಲಹಂಕದಿಂದ ಬರುತ್ತಿದ್ದ ಹೆಂಗಸರ ಬಸ್ಸನ್ನು ನಿಲ್ಲಿಸುವುದಾಗಿ ಹೇಳಿದರು. ಬೆಳಗಿನ ಶಿಫ್ಟಿಗೆ ನಾವು ನಸುಕಿನಲ್ಲೇ ಹೊರಡಬೇಕಿತ್ತು. ಬೇರೆ ಬಸ್ಸಿರಲಿಲ್ಲ, ದಾರಿಯಲ್ಲಿ ದೀಪವಿರಲಿಲ್ಲ. ಬಸ್ಸು ಹೋದರೆ ನಮ್ಮ ಕಡೆಯ ಹೆಂಗಸರ ಕೆಲಸವೂ ಹೋದಂತೆಯೇ. ಮೊದಲು ಸರೋಜ ನಮ್ಮ ಪರವಾಗಿ ಮ್ಯಾನೇಜರ ಹತ್ತಿರ ಹೋದಳು. ಅವಳು ದನಿ ಏರಿಸಿದಳು, ಅವರೂ ಏರಿಸಿದರು. ಅವಳು ಕೆಂಪು ಮುಖ ಮಾಡಿಕೊಂಡು ಹೊರಬಂದಳು.

“ನೀನು ಹೋಗೇ ಶಾಂತಾ” ಎಂದಳು. “ನಿನ್ ಮುಂದೆ ಯಾರಾದ್ರೂ ಬಾಯಿ ಬಿಡ್ತಾರೆ.”

ಮರುದಿನ ಮಧ್ಯಾಹ್ನ ಯಲಹಂಕ ಕಡೆಯ ಹೆಂಗಸರೆಲ್ಲ ನನ್ನ ಹಿಂದೆ ಬಂದು ಮ್ಯಾನೇಜರ ಕೋಣೆಯಲ್ಲಿ ಸಾಲಾಗಿ ನಿಂತರು. ಸರೋಜಳೂ ಇದ್ದಳು. ಮ್ಯಾನೇಜರು ತಲೆಯೆತ್ತದೆ, “ಹೇಳೋದೆಲ್ಲ ನೆನ್ನೆನೇ ಹೇಳಾಗಿದೆ” ಎಂದರು.

“ಹೌದು ಸಾರ್, ನಿಮಗೂ ಭಾಳ ಕಷ್ಟ ಆಗ್ತಿರಬೇಕು” ಎಂದೆ. ಅದು ತಂತ್ರವಲ್ಲ. ಅವರ ಕಣ್ಣ ಕೆಳಗಿನ ಕಪ್ಪು ನೋಡಿ ಬಂದ ಮಾತು.

ಅವರು ಪೆನ್ನು ಕೆಳಗಿಟ್ಟರು. ಮೇಲಿನವರು ದಿನಕ್ಕೊಂದು ಸಲ ಫೋನ್ ಮಾಡುತ್ತಾರೆ ಎಂದರು. “ಹೌದಾ ಸಾರ್” ಎಂದೆ. ಬಸ್ಸು ನಮ್ಮನ್ನು ಇಳಿಸಿ, ಅದೇ ಕಡೆಯ ಆಫೀಸಿನವರನ್ನು ಕರೆತರಲು ಮತ್ತೆ ಖಾಲಿ ಹೋಗುತ್ತದೆ, ಆ ಡೀಸೆಲ್ ಖರ್ಚಿಗೆ ಬೈಸಿಕೊಳ್ಳುವವರು ತಾವು ಎಂದರು. “ಛೆ” ಎಂದೆ. ಹಿಂದಿನಿಂದ ಯಾರೋ “ಅಯ್ಯೋ, ಪಾಪ” ಎಂದರು. ಅವರು ಕುರ್ಚಿಗೆ ಒರಗಿ ಇನ್ನಷ್ಟು ಹೇಳಿದರು. ಎಲ್ಲ ಮುಗಿದ ಮೇಲೆ ನಾನು ನಮ್ಮದನ್ನು ಹೇಳಿದೆ. ಗರ್ಭಿಣಿಯೊಬ್ಬಳು ನಾಯಿ ಅಟ್ಟಿಸಿಕೊಂಡು ಬಂದಾಗ ಚರಂಡಿಗೆ ಬಿದ್ದದ್ದು, ಕುಡಿದವರು ದಾರಿ ಅಡ್ಡಗಟ್ಟಿದ್ದು, ಬಸ್ಸು ಇರುವಾಗಲೇ ಸ್ಟಾಪಿನ ತನಕ ಬರುವುದರಲ್ಲಿ ಇಷ್ಟು. ನಾನು ಒಂದೊಂದು ಹೇಳಿದಾಗಲೂ ಹಿಂದಿನಿಂದ “ಹೂಂ ಸಾರ್”, “ಅಲ್ವಾ ಮತ್ತೆ” ಎಂಬ ದನಿಗಳು ಬಂದವು. ಆ ದನಿಗಳು ನನ್ನ ಬೆನ್ನಿಗೆ ಕೈಯಿಟ್ಟು ನಿಂತಂತಿದ್ದವು.

ಮ್ಯಾನೇಜರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ, “ಛೆ” ಎಂದರು.

ಸರೋಜ ಹಿಂದಿನಿಂದ ನನ್ನ ಕೈಯನ್ನು ನೋಯುವಷ್ಟು ಒತ್ತಿದಳು. ನಾವು ಗೆದ್ದದ್ದು ಆ ಗಳಿಗೆಯಲ್ಲೇ. ಮಿಕ್ಕದ್ದು ಬರೀ ಏರ್ಪಾಟು. ನಮ್ಮ ಶಿಫ್ಟನ್ನು ಸ್ವಲ್ಪ ತಡವಾಗಿ ಶುರು ಮಾಡಿದರೆ ಒಂದೇ ಬಸ್ಸಿನಲ್ಲಿ ಆಫೀಸಿನವರನ್ನೂ ನಮ್ಮನ್ನೂ ಕರೆತರಬಹುದು ಎಂದು ಅವರೇ ಹೇಳಿದರು. ಮುಂದಿನ ಸೋಮವಾರ ಬೆಳಕು ಹರಿದ ಮೇಲೆ ಯಲಹಂಕದಲ್ಲಿ ಬಸ್ಸು ಹತ್ತಿದೆವು. ಹೆಬ್ಬಾಳದ ಕೆರೆಯ ಮೇಲೆ ಬಿಸಿಲು ಬಿದ್ದಿತ್ತು. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ಬೆಳಗಿನ ಹೊತ್ತು ಆ ಕೆರೆಯ ನೀರನ್ನು ನಾವು ನೋಡಿದ್ದು ಅಂದೇ. ಬಸ್ಸಿನ ತುಂಬ ಹಾಡು, ನಗು. ಡ್ರೈವರೂ ಬೇಡವೆನ್ನಲಿಲ್ಲ.

ಆ ಬೇಸಿಗೆ ತವರಿಗೆ ಹೋದೆ. ಅವ್ವ ಸಂಜೆ ಜೋಳ ಹಸನು ಮಾಡುತ್ತಾ ಅದೂ ಇದೂ ಹೇಳುತ್ತಿದ್ದಳು. ನನ್ನ ಬಾಯಿಂದ ತಾನಾಗಿಯೇ “ಊಂ… ಹೌದಾ… ಅಯ್ಯೋ” ಎಂದು ಬಂತು. ಅವ್ವ ತಲೆಯೆತ್ತಿದಳು. ನಡುವೆ ಬಾಯಿ ಹಾಕಿದ್ದಕ್ಕೆ ಬೈಯುತ್ತಾಳೆಂದುಕೊಂಡೆ.

“ನೀ ಹಂಗ ಅಂದ್ರ ಇನ್ನೂ ಹೇಳಬೇಕು ಅನಸ್ತೈತಿ ನೋಡು” ಎಂದಳು.

ಆಮೇಲೆ ತಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ನೀರು ತರಲು ಹೋಗಿ ದಾರಿ ತಪ್ಪಿ ಅತ್ತದ್ದು, ಯಾರ ಹತ್ತಿರವೂ ಹೇಳಿಕೊಳ್ಳದೆ ಎರಡು ವರ್ಷ ಬಿಕ್ಕಿದ್ದು, ಎಲ್ಲವನ್ನೂ ಹೇಳಿದಳು. ಅವ್ವನೂ ಎಲ್ಲಿಂದಲೋ ಬಂದವಳೆಂದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ. ನನ್ನ ಊಂಗಳ ನಡುವೆ ಯಾವಾಗಲೋ “ಎವ್ವಾ, ಖರೇನ?” ಎಂಬ ನಮ್ಮ ಕಡೆಯ ಮಾತೂ ಸೇರಿಕೊಂಡಿತ್ತು.

ಹಸನಾದ ಜೋಳವನ್ನು ಚೀಲಕ್ಕೆ ತುಂಬಿ, ನನ್ನ ಜೊತೆ ಕಳಿಸಲು ಅದರ ಬಾಯಿ ಕಟ್ಟುತ್ತಾ ಅವ್ವ ಕೇಳಿದಳು, “ನಿಮ್ಮೂರಿಗೆ ಯಾವಾಗ ಹೊಂಟಿ?”

ಇದೇ ನಮ್ಮೂರು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಸೋಮವಾರ ಊಟದ ಹೊತ್ತಿಗೆ ನನಗಾಗಿ ಪಕ್ಕದ ಕುರ್ಚಿ ಹಿಡಿದಿಡುವ ಸರೋಜ ಕಣ್ಣ ಮುಂದೆ ಬಂದಳು.

“ಆಯ್ತವಾರ ಹೊಂಟೇನಿ, ಅವ್ವಾ. ಮರುದಿನ ಕೆಲಸ ಐತಿ” ಎಂದೆ.