ಅಜ್ಜಿ ಮಂಚ ಏರಿದ್ದು

ಮೂವತ್ತರ ದಶಕದಲ್ಲಿ ಅಂಕೋಲೆ ಹತ್ತಿರದ ಬೊಬ್ರುವಾಡದ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಂಚ, ಅಜ್ಜನದು. ಅಜ್ಜ ತೀರಿಕೊಂಡ ಮೇಲೆ ಅದರ ಮೇಲೆ ಆರಾಮಾಗಿ ಮಲಗಿದ್ದವು ಹುಳಿಗೆಂದು ಕೂಡಿಟ್ಟ ಮೊಗೆಕಾಯಿಗಳು, ಅಂದರೆ ಸಾಂಬಾರು ಸೌತೆ. ಅಜ್ಜಿಗೆ ನೆಲದ ಚಾಪೆಯೇ ಗತಿ. ಗಂಡ ಸತ್ತವಳು ಮಂಚ ಏರಬಾರದೆಂಬುದು ಆಗಿನ ಕಟ್ಟಳೆ. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ಅಜ್ಜಿಯೇ.

ಮೊಣಕಾಲುಗಳು ಮಾತ್ರ ಕಟ್ಟಳೆ ಕೇಳಲಿಲ್ಲ. ಬೆಳಿಗ್ಗೆ ಏಳಲಾಗದೆ ಗೋಡೆಯವರೆಗೆ ತೆವಳುತ್ತಿದ್ದಳು. ಎಂಟು ವರ್ಷದ ನಾನು ಕೈ ಕೊಟ್ಟು ಎಬ್ಬಿಸಬೇಕು. ಆಕೆ ಹಲ್ಲು ಕಚ್ಚಿ ಏಳುವಾಗ ನನಗೇ ಅಳು ಬರುತ್ತಿತ್ತು. "ಮಂಚದ ಮೇಲೆ ಮಲ್ಗು ಆಯಿ" ಎಂದು ಅಪ್ಪ ಅಂದರೆ ಮುಗಿಯಿತು, ಆ ದಿನವೆಲ್ಲ ಅಪ್ಪನ ಜೊತೆ ಮಾತಿಲ್ಲ.

ಹಣಕೋಣದ ಶಾಲೆಯಲ್ಲಿ ಮಾಸ್ತರರಾಗಿದ್ದ ಚಿಕ್ಕಪ್ಪ ಬೇಸಿಗೆ ರಜೆಗೆ ಬಂದರು. ಅವರಿಗೆ ಶಬ್ದಗಳ ಹುಚ್ಚು. ತಾಟಿನಲ್ಲಿ ಅನ್ನ ಆರಿದರೂ ಚಿಂತೆಯಿಲ್ಲ, ಶಬ್ದದ ಹುಟ್ಟು ಹೇಳಿಯೇ ತುತ್ತು ಎತ್ತಬೇಕು.

"ಆಯಿ, ಮಂಚ ಅಂದ್ರೆ ಮೊದ್ಲು ಮಲ್ಗೂದಲ್ಲ. ಸಂಸ್ಕೃತದಲ್ಲಿ ಅದು ಎತ್ತರದ ಅಟ್ಟಣೆ. ರಾಜ್ರು ಅದ್ರ ಮೇಲೆ ಕೂತು ಕುಸ್ತಿ ನೋಡ್ತಿದ್ರು. ಮಲ್ಗೂಕೆ ಹತ್ತಿದ್ದು ಆಮೇಲೆ."

"ಬರೀ ಕೂತ್ಕಳ್ಳೂದಾ?"

"ಬರೀ ಕೂತ್ಕಳ್ಳೂದು."

ಅಜ್ಜಿ ಯೋಚಿಸಿದಳು. "ಹಂಗಾದ್ರೆ ಜಗಲಿಗೆ ತಂದ್ಹಾಕಿ. ಮಲ್ಗೂದಿಲ್ಲ ಮತ್ತೆ. ಕುಸ್ತಿ ನೋಡೂಕೆ ನಮ್ಮನೆ ಸೊಸೆಂದ್ರು ಸಾಲ್ದಾ?"

ಅಮ್ಮ, ಚಿಕ್ಕಮ್ಮ ಇಬ್ಬರೂ ಸೆರಗು ಬಾಯಿಗೊತ್ತಿ ನಕ್ಕರು. ಮೊಗೆಕಾಯಿಗಳು ಮೂಲೆಗೆ ಹೋದವು, ಮಂಚ ಜಗಲಿಗೆ ಬಂತು.

ಮಧ್ಯಾಹ್ನದ ಊಟವಾದ ಮೇಲೆ ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತಳು. ಅಂಗಳದಲ್ಲಿ ಒಣಹಾಕಿದ ಹಪ್ಪಳಕ್ಕೆ ಬಂದ ಕಾಗೆಯನ್ನು ಅಲ್ಲಿಂದಲೇ ಬೈದು ಓಡಿಸಿದಳು. ಸೊಸೆಯಂದಿರ ಕೆಲಸದಲ್ಲಿ ನಾಲ್ಕಾರು ತಪ್ಪು ಹುಡುಕಿದಳು. ಆಮೇಲೆ ಗೋಡೆಗೆ ಒರಗಿದಳು. ಒರಗಿದವಳು ಜಾರಿದಳು, ಜಾರಿದವಳು ಗೊರಕೆ ಹೊಡೆದಳು. ನಾವೆಲ್ಲ ಉಸಿರು ಬಿಗಿಹಿಡಿದು ತುದಿಗಾಲಲ್ಲಿ ಓಡಾಡಿದೆವು. ಅಪ್ಪ ಕೆಮ್ಮು ಬಂದರೂ ಹಿತ್ತಲಿಗೆ ಹೋಗಿ ಕೆಮ್ಮಿದರು.

ಎಚ್ಚರವಾದಾಗ ಅಜ್ಜಿ ಕಾಲು ಇಳಿಬಿಟ್ಟಳು. ರೂಢಿಯಂತೆ ನಾನು ಕೈ ಚಾಚಿಕೊಂಡು ಓಡಿದೆ. ಅಷ್ಟರಲ್ಲಿ ಆಕೆ ಎದ್ದು ನಿಂತಾಗಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆಕೆ ಮಾತ್ರ ಸ್ವಲ್ಪ ಹೊತ್ತು ತನ್ನ ಕಾಲುಗಳನ್ನೇ ನೋಡಿಕೊಂಡಳು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದಳು.

"ತಮಾ, ಈ ಮಂಚದ ಸುದ್ದಿ ನಿಂಗೆ ಯಾವಾಗಿಂದ ಗೊತ್ತಿತ್ತು?"

"ಶಾಲೆ ಕಲೀವಾಗಿಂದ, ಆಯಿ."

"ಮತ್ತೆ ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?"