ಸೋಪು ಕುಡಿದ ಮಡಕೆ

ಮೊನ್ನೆ ಬೆಳಿಗ್ಗೆ ಹಿತ್ತಿಲಿನಿಂದ ನಿಂಬೆಹಣ್ಣಿನ ಸೋಪಿನ ವಾಸನೆ ಬಂತು. ಇಣುಕಿದರೆ ನನ್ನ ಸೊಸೆ ಹೊಸ ಮಣ್ಣಿನ ಮಡಕೆಯನ್ನು ನೊರೆ ಬರಿಸಿ ತಿಕ್ಕುತ್ತಿದ್ದಾಳೆ. ನಾನು ಕಿರುಚಿದ ರಭಸಕ್ಕೆ ಪಾಪ, ಅವಳ ಕೈಯಿಂದ ಮಡಕೆ ಜಾರುವುದರಲ್ಲಿತ್ತು.

ಕಿರುಚುವ ಯೋಗ್ಯತೆ ನನಗಿಲ್ಲ, ನೋಡಿ. ಮೂವತ್ತು ವರ್ಷದ ಹಿಂದೆ ಕಿಕ್ಕೇರಿಗೆ ಸೊಸೆಯಾಗಿ ಬಂದಾಗ ನಾನು ಮಾಡಿದ್ದೂ ಇದನ್ನೇ. ನಾನು ಸ್ಟೀಲ್ ಪಾತ್ರೆಗಳ ಮನೆಯಲ್ಲಿ ಬೆಳೆದವಳು. ಅತ್ತೆಗೋ ಉಪ್ಪುಸಾರು ಮಡಕೆಯಲ್ಲೇ ಕುದಿಯಬೇಕು. ಮಡಕೆಗಳು ಸಂತೆಯ ಸಾಕಮ್ಮನವು. ಅವಳ ಗಂಡ ಚಕ್ರದಿಂದ ಇಳಿಸಿದ್ದನ್ನು ಅವಳು ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತೆಳುಮಾಡುತ್ತಿದ್ದಳು. ಅಷ್ಟು ತಟ್ಟಿಸಿಕೊಂಡೂ ದುಂಡಗಾಗುವ ಗುಣ ನಮ್ಮಲ್ಲಿ ಯಾರಿಗಿದೆ? ನಾನಂತೂ ಒಂದು ಮಾತು ತಟ್ಟಿದರೆ ಸಾಕು, ಸೊಟ್ಟಗಾಗುತ್ತೇನೆ.

ಮಡಕೆ ತಂದ ವಾರಕ್ಕೇ ಸಾರಿಗೆ ಅದೆಂಥದೋ ಘಾಟು ಹತ್ತಿತು. "ಮಣ್ಣೇ ಕೆಟ್ಟದ್ದು ಕಣವ್ವ," ಎಂದರು ಅತ್ತೆ. ಮುಂದಿನ ಸಂತೆಗೆ ಆ ಮಡಕೆ ಹಿಡಿದು ಅವರ ಜೊತೆ ಹೋಗಿ, ಜನರೆದುರೇ ಸಾಕಮ್ಮನಿಗೆ ಅಂದೆ: "ಕೊಳಕು ಮಣ್ಣು ತಂದು ಮಾಡ್ತೀಯಲ್ಲ, ಉಣ್ಣೋರು ಮನುಷ್ಯರಲ್ವಾ?" ಸಾಕಮ್ಮ ಮಡಕೆಯೊಳಗೆ ಮೂಗಿಟ್ಟು ಮೂಸಿದಳು. ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಬೇರೆ ಮಡಕೆ ಎತ್ತಿ ಕೊಟ್ಟಳು. ಆರಿಸುತ್ತಿದ್ದ ಹೆಂಗಸರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದುಹೋದರು.

ಎರಡನೆಯದಕ್ಕೂ ಅದೇ ಘಾಟು. ಆಗ ನಾನು ಸೋಪು ಹಾಕಿ ತೊಳೆಯುವುದನ್ನು ಕಂಡ ಅತ್ತೆ ಹಣೆ ಚಚ್ಚಿಕೊಂಡರು. "ಮಡ್ಕೆ ಸೋಪ್ ಕುಡೀತದೆ ಕಣೇ! ಬೂದಿ, ತೆಂಗಿನ ನಾರು ಸಾಕು."

ಸಾಕಮ್ಮನ ಬಳಿ ಹೋಗಿ, ಬಗ್ಗಿ, ಕಿವಿಯಲ್ಲಿ ತಪ್ಪೊಪ್ಪಿಕೊಂಡೆ. "ಮೂಸ್ದಾಗ್ಲೇ ಗೊತ್ತಾಯ್ತು ಬುಡವ್ವ. ಹೊಸ ಸೊಸೆ, ಅತ್ತೆ ಮುಂದೆ ಎಂಗೇಳ್ಲಿ?" ಎಂದಳು. ನನ್ನ ಮಾನ ಉಳಿಸಲು ತನ್ನ ಹೆಸರು ಕೆಡಿಸಿಕೊಂಡಿದ್ದಳು. ಆ ಹೆಂಗಸರು ಮತ್ತೆ ಅವಳತ್ತ ಬಂದದ್ದನ್ನು ನಾನು ಕಾಣಲಿಲ್ಲ. ನಾನು ಮಾತ್ರ ಇವತ್ತಿಗೂ ಅವಳಲ್ಲೇ ಕೊಳ್ಳುತ್ತೇನೆ, ಅದೇ ದೊಡ್ಡ ಪ್ರಾಯಶ್ಚಿತ್ತವೆಂಬಂತೆ.

ಇದನ್ನೆಲ್ಲ ಹೇಳಿ ಮುಗಿಸಿದರೆ ಸೊಸೆ ಕೇಳಿದಳು: "ಬೈದಿದ್ದು ಸಂತೇಲಿ, ತಪ್ಪಾಯ್ತು ಅಂದಿದ್ದು ಕಿವೀಲಾ, ಅತ್ತೆ?" ನಿಜವಾಗಿ ನಾಚಿಕೆಯಾಯಿತು.

ನಿನ್ನೆ ಸಂತೆಗೆ ಹೋದೆ. ತಲೆ ನರೆತ ಸಾಕಮ್ಮನ ಸುತ್ತ ನಾಲ್ಕಾರು ಜನವಿದ್ದರು. "ಈಯಮ್ಮನ ಮಣ್ಣಲ್ಲಿ ಯಾವತ್ತೂ ದೋಷ ಇರ್ಲಿಲ್ಲ. ಸೋಪು ಹಾಕಿ ಕೆಡಿಸಿ, ಇವಳನ್ನ ಬೈದೋಳು ನಾನು," ಎಂದು ಗಟ್ಟಿಯಾಗಿ ಹೇಳಿದೆ. ಪಕ್ಕದ ಸೊಪ್ಪಿನವಳು ತಿರುಗಿ ನೋಡಿದಳು.

"ಯಾವ್ ಕಾಲದ್ದೋ ತೆಗೆದ್ಯಲ್ಲವ್ವ, ನಾನ್ ಮರ್ತೇಬುಟ್ಟಿದ್ದೆ," ಎಂದು ಸಾಕಮ್ಮ ನಕ್ಕಳು. ಆಮೇಲೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, ಮೆಲ್ಲಗೆ ಅಂದಳು:

"ಇನ್ನೊಂದ್ ಸಲ ಹೇಳವ್ವ. ಆ ಕಡೆಯೋರ್ಗೆ ಕೇಳಿಸ್ನಿಲ್ಲ."