ಹಸಿರು ದಾರದ ಕೊಳಲು

ಕೊಳಲಿನ ವಿಷಯದಲ್ಲಿ ನನಗೆ ಆಗ ಬಹಳ ಕೊಬ್ಬಿತ್ತು. ಬಿಳಿ ದೊರೆಗಳ ಕಾಲದ ಚಿನ್ನದ ಗಣಿ ಕಚೇರಿಯಲ್ಲಿ ಗುಮಾಸ್ತ. ಸಂಜೆಯಾದರೆ ಚಾಂಪಿಯನ್ ರೀಫ್ಸ್‌ನ ಭಜನೆ ಮನೆಯಲ್ಲಿ ಕೊಳಲು. ಯಾರು ಕೊಳಲು ಕೊಳ್ಳಬೇಕಾದರೂ ಮೊದಲು ನನಗೆ ತಂದು ತೋರಿಸುತ್ತಿದ್ದರು. ನಾನು ಮೂಗು ಮುರಿದರೆ ಮುಗಿಯಿತು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಮ್ಮ ಲೈನ್ ಮನೆಗಳ ಕೊನೆಯಲ್ಲಿ ಕೊಳಲು ಮಾಡುವವನೊಬ್ಬನಿದ್ದ. ಗಣಿಯೊಳಗೆ ದುಡಿಯುತ್ತ, ಬಿಡುವಿನಲ್ಲಿ ಕಾದ ಕಂಬಿಯಿಂದ ಬಿದಿರಿಗೆ ತೂತು ಸುಡುತ್ತಿದ್ದ. ಧೂಳು ಎದೆಗೆ ಕೂತು ನಾಲ್ಕು ಹೆಜ್ಜೆಗೇ ಏದುಸಿರು ಬರತೊಡಗಿದ ಮೇಲೆ ಗಣಿ ಬಿಟ್ಟ, ಕೊಳಲೇ ಹೊಟ್ಟೆಪಾಡಾಯಿತು. ಎಂಥ ನಿಯತ್ತಿನವನೆಂದರೆ, ತಾನೇ ಊದಿ ಶ್ರುತಿ ನೋಡಿದವಕ್ಕೆ ಕೆಂಪು ದಾರ ಸುತ್ತುತ್ತಿದ್ದವನು, ಊದಲು ಉಸಿರು ಸಾಲದಾದ ದಿನದಿಂದ ಹಸಿರು ದಾರ ಸುತ್ತತೊಡಗಿದ. ಹಸಿರಿನ ಮೊದಲ ನಾಲ್ಕು ಕೊಳಲುಗಳನ್ನು ನಾನು ಊದಿ ನೋಡಿದೆ. ನಾಲ್ಕೂ ಅಪಸ್ವರ. ಊದಲಾರದವನು ಕೊಳಲು ಮಾಡುವುದುಂಟೇ, ಹಸಿರು ಕೊಳ್ಳಬೇಡಿ ಎಂದು ಭಜನೆ ಮನೆಯಲ್ಲಿ ಸಾರಿಬಿಟ್ಟೆ. ಎರಡು ವರ್ಷ ನಮ್ಮವರು ಯಾರೂ ಅತ್ತ ಸುಳಿಯಲಿಲ್ಲ. ಅವನ ಹೆಂಡತಿ ಕೊಳಲಿನ ಕಟ್ಟು ಹೊತ್ತು ಬೂದಿಕೋಟೆ, ಕಾಮಸಮುದ್ರ ಅಂತ ಅಲೆದು ಬಂದಷ್ಟಕ್ಕೆ ಮಾರುತ್ತಿದ್ದಳು. ಆ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಒಂದು ಬೇಸಿಗೆಯಲ್ಲಿ ನನ್ನ ಕೊಳಲು ಸೀಳಿತು. ಭಾನುವಾರ ಬೆಳಿಗ್ಗೆಯೇ ಬಂಗಾರಪೇಟೆಗೆ ಓಡಿದೆ. ಸ್ಟೇಷನ್ ಎದುರು ಹಳೆ ಸಾಮಾನಿನ ಮುದುಕನೊಬ್ಬ ಕೂರುತ್ತಿದ್ದ. ಗಣಿ ಬಿಟ್ಟು ಊರಿಗೆ ಹೊರಟವರು ಕಂದೀಲು, ಪೆಟ್ಟಿಗೆ, ಕೊಳಲು ಎಲ್ಲವನ್ನೂ ಅವನಿಗೆ ಕೊಟ್ಟು ರೈಲು ಹತ್ತುತ್ತಿದ್ದರು. ಸುತ್ತಲ ಹಳ್ಳಿಯವರೂ ಬೇಡವಾದದ್ದನ್ನು ತಂದು ಹಾಕುತ್ತಿದ್ದರು. ಕೆಂಪು ದಾರದ್ದೊಂದು ಸಿಕ್ಕೇ ಸಿಗುತ್ತದೆ ಎಂದು ನನ್ನ ನಂಬಿಕೆ.

ಮುದುಕ ಬುಟ್ಟಿ ಮುಂದಕ್ಕೆ ತಳ್ಳಿದ. "ಎಲ್ಲಾ ನಿಮ್ ಲೈನ್ ಮನೆಯವಂದೇ ಸಾಮಿ. ದಾರ ಮಾತ್ರ ಇಲಿ ತಿಂದಾಕವೆ. ಯಾವ್ದು ಕೆಂಪೋ, ಯಾವ್ದು ಹಸ್ರೋ, ಆ ದ್ಯಾವ್ರಿಗೇ ಗೊತ್ತು."

"ನನಗೂ ಗೊತ್ತಾಗುತ್ತೆ ಬಿಡು" ಎಂದು ಪಂಚೆ ಎತ್ತಿ ಕಟ್ಟಿ ಕೂತೇಬಿಟ್ಟೆ.

ಒಂದೊಂದನ್ನೇ ಬಿಸಿಲಿಗೆ ಹಿಡಿದು ಒಳಗೆ ಹುಳು ಬಿದ್ದಿದೆಯೇ ನೋಡಿದೆ. ಉಗುರಿನಿಂದ ತಟ್ಟಿದೆ, ಸೀಳಿದ್ದರೆ ಸದ್ದು ಸತ್ತಿರುತ್ತದೆ. ಮೇಣ ಮೆತ್ತಿ ತೂತು ಕಿರಿದು ಮಾಡಿದ್ದನ್ನು ಊದದೆಯೇ ಪಕ್ಕಕ್ಕಿಟ್ಟೆ. ಹನ್ನೊಂದನೆಯದನ್ನು ತುಟಿಗಿಟ್ಟು ಮಂದ್ರದಿಂದ ಮೇಲಿನ ಷಡ್ಜಕ್ಕೆ ಹತ್ತಿದೆನೋ ಇಲ್ಲವೋ, ಮೈ ಜುಮ್ಮೆಂದಿತು! ಅಷ್ಟು ತುಂಬಿದ ದನಿ, ಅಷ್ಟು ಕಡಿಮೆ ಉಸಿರಿಗೆ! ಮೂಟೆ ಹೊತ್ತ ಕೂಲಿಗಳಿಬ್ಬರು ನಿಂತುಬಿಟ್ಟರು. "ಇದು ಕೆಂಪು ಕಾಲದ್ದು ಕಣಯ್ಯಾ, ಅವನ ಒಳ್ಳೇ ದಿನದ್ದು!" ಎಂದು ಬೀದಿಯಲ್ಲೇ ಕೂಗಿದೆ. ಚೌಕಾಸಿಯನ್ನೂ ಮಾಡಲಿಲ್ಲ.

ರೈಲಿನಲ್ಲಿ ಕೂತು ಪಂಚೆಯ ಚುಂಗಿನಿಂದ ಕೊಳಲನ್ನು ತಿಕ್ಕಿದೆ. ತುದಿಯಲ್ಲಿ ದಾರ ಅಂಟಿಸಿದ್ದ ಅರಗಿನ ಕೊಳೆ ಬಿಡುತ್ತಿದ್ದಂತೆ ಒಂದೇ ಒಂದು ಎಳೆ ಕಾಣಿಸಿತು. ಹಸಿರು.

ರೈಲು ಡಬ್ಬಿಯಲ್ಲೇ ಮತ್ತೆ ಊದಿದೆ. ಅದೇ ದನಿ! ನಾಚಿಕೆಯಾಯಿತು, ನಿಜ; ಆದರೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ಊದಲಾರದವನು ಇದನ್ನು ಹೇಗೆ ಮಾಡಿದ? ಇಳಿದವನು ಮನೆಗೆ ಹೋಗದೆ ನೇರ ಅವನ ಮನೆ ಬಾಗಿಲಿಗೆ ನುಗ್ಗಿದೆ.

ಅವನು ಗೋಡೆಗೊರಗಿ ಕಾದ ಕಂಬಿ ಹಿಡಿದು ಕೂತಿದ್ದ. ಒಲೆಯ ಮುಂದೆ ಅವನ ಹೆಂಡತಿ ಕೊಳಲು ಊದುತ್ತಿದ್ದಳು. ನನ್ನನ್ನು ಕಂಡವಳೇ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಬಚ್ಚಿಡಬ್ಯಾಡ ಕಣೇ" ಎಂದ ಅವನು. "ಇವ್ಳೇ ಕಣಪ್ಪಾ ಊದಿ ನೋಡಾದು. ನಾನು ಬರೀ ತೂತು ಸುಡೋನು. ನೀನು ಬೈದ್ಯಲ್ಲ, ಅವು ಇವ್ಳು ಕಲೀತಿದ್ದಾಗಿನವು. ಎಂಗಸು ಊದಿದ್ದು ಅಂದ್ರೆ ಯಾರ್ ತಕಂತಾರೆ ಅಂತ ಬಾಯಿ ಬಿಟ್ಟಿರ್ಲಿಲ್ಲ."

ನಾನು ಬಂಗಾರಪೇಟೆಯ ಕೊಳಲನ್ನು ಊದಿದೆ. ಅವನು ಕಣ್ಣು ಮುಚ್ಚಿ ಕೇಳಿದ. "ನಿಜ ಏಳಪ್ಪಾ. ನನ್ ಕೆಂಪು ದಾರದವಕ್ಕಿಂತಾ ಚೆಂದಾಗೈತಾ?"

ಅವನ ಮುಖ ನೋಡಿ ಸುಳ್ಳು ಹೇಳಿಬಿಡೋಣ ಅನಿಸಿತು. ಆಗಲಿಲ್ಲ. "ಹೂಂ ಅಣ್ಣಾ. ಅವಕ್ಕಿಂತ ಚೆನ್ನಾಗಿದೆ."

ಅವನು ತೊಡೆ ತಟ್ಟಿ ನಕ್ಕ. ನಗು ಕೆಮ್ಮಾಯಿತು, ಕೆಮ್ಮುತ್ತಲೇ ಹೆಂಡತಿಗೆ ಹೇಳಿದ, "ಕೇಳುದ್ಯೇನೇ? ನಾನೇಳಿದ್ರೆ, ಗಂಡ ಅಲ್ವಾ ಅದ್ಕೇ ಏಳ್ತಾನೆ ಅಂತಿದ್ಯಲ್ಲೇ!"

"ಸಂಜೆ ಭಜನೆ ಮನೆಯಲ್ಲಿ ಎಲ್ಲರ ಮುಂದೆ ತಪ್ಪಾಯ್ತು ಅಂತೀನಿ ಅಕ್ಕಾ" ಎಂದೆ.

ಅವಳು ಕೈ ಚಾಚಿ ನನ್ನ ಕೊಳಲು ಇಸಕೊಂಡು ಊದಿದಳು. ಹುಬ್ಬು ಗಂಟಾಯಿತು.

"ಇದು ಓದ್ ವರ್ಸದ್ದು. ಈ ನಡುವಿನ್ ತೂತಿನ್ ಸ್ವರ ಒಂಚೂರು ಇಳ್ದೈತೆ. ನಿಮ್ಗೆ ಕೇಳಿಸ್ಲಿಲ್ವಾ?"

ನನಗೆ ಕೇಳಿಸಿರಲಿಲ್ಲ. ಮತ್ತೆ ಊದಿದೆ; ಇಳಿದಿತ್ತು. ಅವಳು ಸೆರಗಿನಲ್ಲಿದ್ದ ಹೊಸ ಕೊಳಲನ್ನು ಒರೆಸಿ ನನ್ನ ಕೈಗಿಟ್ಟಳು.

"ಸಂಜೆಗೆ ಇದ ಊದಿ. ಆಮ್ಯಾಕೆ ಏಳೀರಂತೆ, ತಪ್ಪಾಯ್ತು ಅಂತ."